ಹೊಳೆಯೇ ಇಲ್ಲದ ನೀಲಿ ಕೆರೆ

ಹೋದ ವರ್ಷ ಅಪ್ಪ ಅಮೆರಿಕಕ್ಕೆ ಬಂದಿದ್ದರು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಹತ್ತಿರ ನಮ್ಮ ಶೇಂಗಾ ಹೊಲ. ಅಶೋಕನ ಶಾಸನ ಇರೋ ಜಾಗ, ಮಳೆ ಮಾತ್ರ ಕಮ್ಮಿ. ಕೊರೆಸಿದ ಮೂರು ಬೋರ್‌ವೆಲ್ಲೂ ಬತ್ತಿವೆ. ನಾಲ್ಕನೆಯದಕ್ಕೆ ದುಡ್ಡು ಕೊಡು ಅಂತ ಅಪ್ಪ, ಆಗಲ್ಲ ಅಂತ ನಾನು. ಆರು ತಿಂಗಳಿಂದ ಇದೇ ಜಗಳ.

ಒಂದು ಶನಿವಾರ ಅವರನ್ನು ಆರೆಗಾನ್ ರಾಜ್ಯದ ಕ್ರೇಟರ್ ಲೇಕ್ ರಾಷ್ಟ್ರೀಯ ಉದ್ಯಾನಕ್ಕೆ ಕರ್ಕೊಂಡು ಹೋದೆ. ದಡದಿಂದ ಕೆಳಗೆ ನೋಡಿದರೆ ಶಾಯಿ ಸುರಿದಂಥ ನೀಲಿ. ಸುಮಾರು 7,700 ವರ್ಷಗಳ ಹಿಂದೆ ಮಜಾಮಾ ಅನ್ನೋ ಜ್ವಾಲಾಮುಖಿ ಸಿಡಿದು, ಬೆಟ್ಟದ ನೆತ್ತಿಯೇ ಕುಸಿದು ಆದ ಗುಂಡಿ. ಆಳ 594 ಮೀಟರ್. ಅಮೆರಿಕದಲ್ಲೇ ಅತಿ ಆಳದ ಸರೋವರ.

"ಇಷ್ಟು ನೀರು ಯಾವ ಹೊಳೆಯಿಂದ ಬರುತ್ತಪ್ಪಾ?"

"ಹೊಳೆನೇ ಇಲ್ಲ ಅಪ್ಪಾ. ಬರೀ ಮಳೆ, ಹಿಮ. ಹೊಳೆ ಮಣ್ಣು ತರಲ್ಲ, ಅದಕ್ಕೇ ನೀರು ಇಷ್ಟು ತಿಳಿ, ಇಷ್ಟು ನೀಲಿ. ತುಂಬೋಕೆ ನೂರಾರು ವರ್ಷ ಹಿಡೀತಂತೆ."

ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಕಾರು ಹತ್ತುವಾಗ ಅಂದರು, "ಮೇಲಿಂದ ಬಿದ್ದಿದ್ದನ್ನ ಹಿಡಿದಿಟ್ಕೊಂಡಿದೆ, ಅಷ್ಟೇ. ನಾವು ಬಿದ್ದಿದ್ದನ್ನ ಹರಿಯೋಕೆ ಬಿಟ್ಟು, ನೆಲದೊಳಗೆ ಹುಡುಕ್ತಾ ಇದೀವಿ."

ನನಗೆ ನಾಚಿಕೆಯಾಯಿತು. ಆಗಲ್ಲ ಅನ್ನೋದು ಸುಲಭ. ಬೋರ್ ಬೇಡದಿದ್ದರೆ ಮತ್ತೇನು ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಬೋರ್‌ಗೆ ಕೇಳಿದ್ದ ದುಡ್ಡಲ್ಲಿ ಹೊಲದ ತಗ್ಗಿನಲ್ಲಿ ಕೃಷಿ ಹೊಂಡ ತೋಡಿಸಿದೆವು. ಈ ಮುಂಗಾರಿಗೆ ಅಪ್ಪ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದರು. ಹೊಂಡದಲ್ಲಿ ಮೊಣಕಾಲುದ್ದ ಕೆಂಪು ನೀರು. ಫೋನ್ ವಾಲ್‌ಪೇಪರ್‌ನಲ್ಲಿದ್ದ ಕ್ರೇಟರ್ ಲೇಕ್ ತೆಗೆದು ಅದನ್ನೇ ಹಾಕ್ಕೊಂಡಿದೀನಿ.