ಮೈ ಕಳೆದುಕೊಂಡ ನಕ್ಷತ್ರಗಳು

ಮಘಾ ನಕ್ಷತ್ರದ ಹೆಸರನ್ನು ಕೇಳದ ಮನೆ ನಮ್ಮ ನಾಡಿನಲ್ಲಿ ವಿರಳ. ರೈತನಿಗೆ ಅದೊಂದು ಮಳೆಯ ಹೆಸರು. ಪಂಚಾಂಗ ನೋಡುವವರಿಗೆ ಇಪ್ಪತ್ತೇಳರಲ್ಲಿ ಹತ್ತನೆಯದು. ಮಾಘಮಾಸಕ್ಕೆ ಆ ಹೆಸರು ಬಂದದ್ದೂ ಆ ತಿಂಗಳ ಹುಣ್ಣಿಮೆಯ ಚಂದ್ರನು ಈ ನಕ್ಷತ್ರದ ಸಮೀಪದಲ್ಲಿರುವ ಕಾರಣದಿಂದಲೇ. ಸಿಂಹರಾಶಿಯ ಎದೆಯ ಭಾಗದಲ್ಲಿ ಬೆಳ್ಳಗೆ ಹೊಳೆಯುವ ಈ ತಾರೆ ನಮ್ಮಿಂದ ಸುಮಾರು 79 ಜ್ಯೋತಿರ್ವರ್ಷಗಳ ದೂರದಲ್ಲಿದೆ. ಇದಕ್ಕೆ ಬಹುದೂರದಲ್ಲಿ ಕೆಲವು ಮಂದ ಸಂಗಾತಿಗಳಿವೆಯೆಂಬುದು ಮೊದಲೇ ತಿಳಿದಿತ್ತು. ಆದರೆ ಅದರ ಮಗ್ಗುಲಲ್ಲಿಯೇ ಇನ್ನೊಂದು ನಕ್ಷತ್ರವು ಅಡಗಿ ಕುಳಿತಿದೆಯೆಂಬ ಸಂಗತಿ 2008ರವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆ ವರ್ಷ ಅಮೆರಿಕದ ಖಗೋಳ ವಿಜ್ಞಾನಿ ಡಗ್ಲಸ್ ಗೀಸ್ ಮತ್ತು ಅವರ ಸಂಗಡಿಗರು ಮಘೆಯ ಬೆಳಕನ್ನು ಪರೀಕ್ಷಿಸಿ, ಅದು 40 ದಿನಗಳಿಗೊಮ್ಮೆ ಅತ್ತಿತ್ತ ತೂಗಾಡುತ್ತಿದೆಯೆಂದು ತೋರಿಸಿದರು. ಹಾಗೆ ತೂಗಾಡಿಸುತ್ತಿರುವ ಗುಪ್ತ ಸಂಗಾತಿಯ ತೂಕ ಸೂರ್ಯನ ತೂಕದ ಸುಮಾರು ಮೂರನೆಯ ಒಂದು ಪಾಲು ಮಾತ್ರ. 2020ರಲ್ಲಿ ಅದರ ಕ್ಷೀಣವಾದ ಬೆಳಕೂ ಸಿಕ್ಕಿತು. ಶ್ವೇತಕುಬ್ಜವಾಗುವ ಹಾದಿಯ ಕೊನೆಯಲ್ಲಿರುವ ನಕ್ಷತ್ರವದು.

ಇಂತಹ ಹಗುರವಾದ ಶ್ವೇತಕುಬ್ಜಗಳನ್ನು ವಿಜ್ಞಾನಿಗಳು ಆಕಾಶದ ತುಂಬ ಅರಸುತ್ತಿದ್ದಾರೆ. ಅವು ಏಕೆ ಅಷ್ಟೊಂದು ಬೇಕಾದ ವಸ್ತುಗಳು, ಅವನ್ನು ಹುಡುಕುವ ಬಗೆ ಯಾವುದು ಎಂಬುದನ್ನು ಈ ಸಂಚಿಕೆಯಲ್ಲಿ ಓದುಗರ ಮುಂದೆ ಬಿಡಿಸಿ ಇಡಬಯಸುತ್ತೇವೆ.

ಮೊದಲಿಗೆ ಶ್ವೇತಕುಬ್ಜವೆಂದರೇನು? ನಕ್ಷತ್ರವೊಂದು ತನ್ನ ಗರ್ಭದಲ್ಲಿ ಜಲಜನಕವನ್ನು ಹೀಲಿಯಂ ಆಗಿ ಮಾರ್ಪಡಿಸುತ್ತ ಬೆಳಗುತ್ತದೆ. ಜಲಜನಕ ಮುಗಿಯುತ್ತ ಬಂದಾಗ ಅದರ ಹೊರಮೈ ಉಬ್ಬಿ ಕೆಂಪು ದೈತ್ಯವಾಗುತ್ತದೆ. ಒಳಗಿನ ತಿರುಳು ಮಾತ್ರ ಕುಗ್ಗಿ ಕಾಯುತ್ತ ಹೋಗಿ, ಸುಮಾರು ಹತ್ತು ಕೋಟಿ ಡಿಗ್ರಿ ಉಷ್ಣತೆಯಲ್ಲಿ ಹೀಲಿಯಂ ಕೂಡ ಹೊತ್ತಿಕೊಂಡು ಇಂಗಾಲ ಮತ್ತು ಆಮ್ಲಜನಕಗಳಾಗುತ್ತದೆ. ಕಡೆಗೆ ಹೊರಕವಚಗಳು ಚದುರಿಹೋಗಿ, ಭೂಮಿಯಷ್ಟೇ ಗಾತ್ರದ ಬಿಸಿಯಾದ ತಿರುಳೊಂದು ಉಳಿಯುತ್ತದೆ. ಇದೇ ಶ್ವೇತಕುಬ್ಜ. ಅದರಲ್ಲಿ ಹೊಸದಾಗಿ ಏನೂ ಉರಿಯುವುದಿಲ್ಲ. ಒಲೆಯಾರಿದ ಮೇಲೂ ಕೆಂಡವು ಕಾವನ್ನು ಬಿಡುತ್ತಿರುವಂತೆ ಅದು ಕೋಟ್ಯಂತರ ವರ್ಷ ನಿಧಾನವಾಗಿ ಆರುತ್ತದೆ. ನಮ್ಮ ಸೂರ್ಯನ ಅಂತ್ಯವೂ ಇದೇ. ಶ್ವೇತಕುಬ್ಜದ ತೂಕಕ್ಕೆ ಒಂದು ಮೇಲಿನ ಮಿತಿಯಿದೆ, ಅದು ಸೂರ್ಯನ ಸುಮಾರು 1.4 ಪಟ್ಟು, ಎಂಬುದನ್ನು ಕಂಡುಕೊಂಡವರು ನಮ್ಮ ದೇಶದ ಸುಬ್ರಹ್ಮಣ್ಯನ್ ಚಂದ್ರಶೇಖರ್. 1930ರಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುವಾಗ ಆ ಹತ್ತೊಂಬತ್ತರ ತರುಣನು ಮಾಡಿದ ಗಣಿತವು 1983ರ ನೊಬೆಲ್ ಪಾರಿತೋಷಕದವರೆಗೆ ಹಾದಿಯಾಯಿತು.

ಮೇಲಿನ ಮಿತಿಯ ಮಾತು ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಉಂಟು. ಕೆಳಗಿನ ಮಿತಿಯ ಮಾತು ಅಷ್ಟು ಪ್ರಸಿದ್ಧವಲ್ಲವಾದರೂ ಅಷ್ಟೇ ಸ್ವಾರಸ್ಯಕರವಾದುದು. ಸಾಮಾನ್ಯ ಶ್ವೇತಕುಬ್ಜದ ತೂಕ ಸೂರ್ಯನ 0.6 ಪಾಲು. ಆದರೆ 1992ರಲ್ಲಿ ಬೆರ್ಜೆರಾನ್, ಸ್ಯಾಫರ್, ಲೀಬರ್ಟ್ ಎಂಬ ಮೂವರು ಅನೇಕ ಶ್ವೇತಕುಬ್ಜಗಳನ್ನು ತೂಗಿ ನೋಡಿದಾಗ, 0.45ಕ್ಕಿಂತ ಕಡಿಮೆ ತೂಕದ ಕೆಲವು ಅಲ್ಲಿ ಕಂಡುಬಂದವು. ಇಷ್ಟು ಕಡಿಮೆ ತೂಕದ ತಿರುಳಿನಲ್ಲಿ ಹೀಲಿಯಂ ಹೊತ್ತಿಕೊಳ್ಳುವಷ್ಟು ಕಾವು ಹುಟ್ಟಲಾರದು. ಆದ್ದರಿಂದ ಅವು ಇಂಗಾಲದವಲ್ಲ, ಹೀಲಿಯಂ ತಿರುಳುಗಳೇ ಆಗಿರಬೇಕು.

ಇಲ್ಲಿ ಒಂದು ತೊಡಕು ಉದ್ಭವಿಸುತ್ತದೆ. ನಕ್ಷತ್ರಲೋಕದಲ್ಲಿ ಹಗುರವಾದವು ದೀರ್ಘಾಯುಗಳು, ಭಾರವಾದವು ಅಲ್ಪಾಯುಗಳು. ಸೂರ್ಯನ ಆಯುಷ್ಯ ಸುಮಾರು 1000 ಕೋಟಿ ವರ್ಷ. ಅದಕ್ಕಿಂತ ಹಗುರವಾದುದು ಇನ್ನೂ ಹೆಚ್ಚು ಕಾಲ ಬಾಳುತ್ತದೆ. ವಿಶ್ವದ ವಯಸ್ಸಾದರೋ ಸುಮಾರು 1380 ಕೋಟಿ ವರ್ಷ. ಹೀಗಿರುವಾಗ, ಒಂಟಿಯಾಗಿ ಬಾಳಿ ತನ್ನಷ್ಟಕ್ಕೆ ತಾನು 0.2 ಅಥವಾ 0.3 ಸೂರ್ಯಭಾರದ ಶ್ವೇತಕುಬ್ಜವಾಗಬೇಕಾದ ನಕ್ಷತ್ರವು ಎಷ್ಟು ಹಗುರವಾಗಿ ಹುಟ್ಟಬೇಕೆಂದರೆ, ಅದರ ಆಯುಷ್ಯವು ವಿಶ್ವದ ವಯಸ್ಸನ್ನೇ ಮೀರುತ್ತದೆ. ಅಂದರೆ ಅದು ಇನ್ನೂ ಮುಪ್ಪಾಗಿಯೇ ಇಲ್ಲ. ಮುಪ್ಪೇ ಬಾರದ ನಕ್ಷತ್ರದ ಶವ ಎಲ್ಲಿಂದ ಬಂತು?

ಶಾಸ್ತ್ರಗಳನ್ನು ಓದಿದವರಿಗೆ ಇಲ್ಲಿ ಒಂದು ಹಳೆಯ ದೃಷ್ಟಾಂತ ನೆನಪಾಗುವುದು ಸಹಜ. ದೇವದತ್ತನು ದಷ್ಟಪುಷ್ಟನಾಗಿದ್ದಾನೆ, ಹಗಲಿನಲ್ಲಿ ಅವನು ಉಣ್ಣುವುದನ್ನು ಕಂಡವರಿಲ್ಲ, ಆದುದರಿಂದ ಅವನು ರಾತ್ರಿ ಉಣ್ಣುತ್ತಿರಲೇಬೇಕು. ಮೀಮಾಂಸಕರು ಇದನ್ನು ಅರ್ಥಾಪತ್ತಿ ಎಂದು ಕರೆದು, ಪ್ರತ್ಯಕ್ಷ ಅನುಮಾನಗಳ ಜೊತೆಗೆ ಬೇರೊಂದು ಪ್ರಮಾಣವಾಗಿ ಎಣಿಸಿದರು. ನಕ್ಷತ್ರದ ಕಥೆ ಇದರ ತಿರುವುಮುರುವು. ದೇವದತ್ತನ ಮೈ ಬೆಳೆದದ್ದಕ್ಕೆ ಕಾರಣ ಬೇಕಾಗಿತ್ತು. ಇಲ್ಲಿ ಮೈ ಸೊರಗಿದ್ದಕ್ಕೆ ಕಾರಣ ಬೇಕು. ಕಾಲವು ಸಾಲದು, ಆದರೂ ನಕ್ಷತ್ರ ತಿರುಳಷ್ಟೇ ಆಗಿ ಉಳಿದಿದೆ. ಆದುದರಿಂದ ಅದರ ಮೈಯನ್ನು ಬೇರೆ ಯಾರೋ ಕಿತ್ತುಕೊಂಡಿರಬೇಕು. ಆ ಬೇರೆಯವರು ಅದರ ಜೋಡಿಯ ನಕ್ಷತ್ರವೇ ಹೊರತು ಮತ್ತಾರೂ ಅಲ್ಲ.

ನಕ್ಷತ್ರಗಳು ಜೋಡಿಯಾಗಿ ಒಂದನ್ನೊಂದು ಸುತ್ತುವುದು ಆಕಾಶದಲ್ಲಿ ಅಪರೂಪವಲ್ಲ. ಅಂತಹವನ್ನು ಯಮಳ ನಕ್ಷತ್ರಗಳೆನ್ನುತ್ತೇವೆ. ಎರಡರಲ್ಲಿ ಭಾರವಾದುದು ಮೊದಲು ಉಬ್ಬತೊಡಗುತ್ತದೆ. ನೆರೆಯದು ತೀರ ಹತ್ತಿರದಲ್ಲಿದ್ದರೆ, ಉಬ್ಬಿದ ಹೊರಮೈ ನೆರೆಯ ನಕ್ಷತ್ರದ ಗುರುತ್ವದ ಸೆಳೆತಕ್ಕೆ ಸಿಕ್ಕಿ ಅತ್ತ ಹರಿಯುತ್ತದೆ. ಕೆಲವೊಮ್ಮೆ ಎರಡೂ ಒಂದೇ ಅನಿಲದ ಹೊದಿಕೆಯೊಳಗೆ ಸಿಲುಕಿ ಸುತ್ತುತ್ತ, ಆ ಹೊದಿಕೆಯನ್ನೇ ಹೊರಕ್ಕೆ ಎಸೆದು, ಮತ್ತಷ್ಟು ಹತ್ತಿರ ಬರುತ್ತವೆ. ಎರಡು ಬಗೆಯಲ್ಲಿಯೂ ಹೀಲಿಯಂ ಹೊತ್ತಿಕೊಳ್ಳುವ ಮೊದಲೇ ತಿರುಳು ಬತ್ತಲಾಗುತ್ತದೆ. ಮಘೆಯಲ್ಲಿ ನಡೆದದ್ದು ಮೊದಲನೆಯ ಬಗೆಯದೆಂದು ವಿಜ್ಞಾನಿಗಳ ಅಭಿಪ್ರಾಯ. ಅದಕ್ಕೆ ಸಾಕ್ಷಿಯೂ ಇದೆ: ಸೂರ್ಯನು ತನ್ನ ಸುತ್ತ ತಿರುಗಲು ಸುಮಾರು ಒಂದು ತಿಂಗಳು ಬೇಕಾದರೆ, ಅದಕ್ಕಿಂತ ಎಷ್ಟೋ ದೊಡ್ಡದಾದ ಮಘೆ 16 ಗಂಟೆಗಳೊಳಗೆ ತಿರುಗಿ ಮುಗಿಸುತ್ತದೆ. ಆ ವೇಗಕ್ಕೆ ಅದರ ನಡು ಉಬ್ಬಿ, ಧ್ರುವಗಳಿಗಿಂತ ಮೂರನೆಯ ಒಂದು ಪಾಲು ಅಗಲವಾಗಿದೆ. ನೆರೆಯದರಿಂದ ಸುರಿದ ದ್ರವ್ಯವೇ ಅದನ್ನು ಬುಗುರಿಯಂತೆ ತಿರುಗಿಸಿತು.

ಅರ್ಥಾಪತ್ತಿ ಎಷ್ಟೇ ಬಲವಾದರೂ ವಿಜ್ಞಾನವು ಅಲ್ಲಿಗೆ ತೃಪ್ತವಾಗುವುದಿಲ್ಲ, ಪ್ರತ್ಯಕ್ಷವೂ ಬೇಕೆನ್ನುತ್ತದೆ. ಹಗುರವಾದ ಪ್ರತಿ ಶ್ವೇತಕುಬ್ಜಕ್ಕೂ ಸಂಗಾತಿ ಇರಬೇಕೆಂದಾದರೆ ಆ ಸಂಗಾತಿಯನ್ನು ತೋರಿಸಬೇಕು. 1995ರಲ್ಲಿ ಇಂಗ್ಲೆಂಡಿನ ಟಾಮ್ ಮಾರ್ಷ್ ಮತ್ತು ಇಬ್ಬರು ಸಂಗಡಿಗರು ಇದಕ್ಕೆ ಕೈಹಾಕಿ ಒಂದೇ ಪ್ರಯತ್ನದಲ್ಲಿ ಐದು ಹೊಸ ಜೋಡಿಗಳನ್ನು ಕಂಡರು. ಹಗುರ ಶ್ವೇತಕುಬ್ಜಗಳಿಗೆ ಗೆಳೆಯರು ಬೇಕು ಎಂಬರ್ಥದ ಶೀರ್ಷಿಕೆಯನ್ನೇ ಅವರು ತಮ್ಮ ಪ್ರಬಂಧಕ್ಕೆ ಇಟ್ಟರು.

ಹುಡುಕುವ ಕ್ರಮ ಹೀಗಿದೆ. ಮೊದಲು ಬಣ್ಣದಿಂದ ಆಯ್ಕೆ. ಲಕ್ಷಾಂತರ ನಕ್ಷತ್ರಗಳ ಪಟ್ಟಿಯಲ್ಲಿ ನೀಲಿ ಛಾಯೆಯ ಬಿಸಿ ನಕ್ಷತ್ರಗಳನ್ನು ಆರಿಸಿಕೊಳ್ಳುತ್ತಾರೆ. ಎರಡನೆಯದು ರೋಹಿತದ ಪರೀಕ್ಷೆ. ನಕ್ಷತ್ರದ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿದಾಗ ಅದರಲ್ಲಿ ಜಲಜನಕದ ಕಪ್ಪು ಗೆರೆಗಳು ಕಾಣುತ್ತವೆ. ಗುರುತ್ವ ಹೆಚ್ಚಿದ್ದಲ್ಲಿ ಅನಿಲದ ಒತ್ತಡ ಹೆಚ್ಚು, ಒತ್ತಡ ಹೆಚ್ಚಿದಲ್ಲಿ ಗೆರೆ ಅಗಲ. ಆದ್ದರಿಂದ ಗೆರೆಯ ಅಗಲವೇ ತಕ್ಕಡಿಯಾಗುತ್ತದೆ. ಸಾಮಾನ್ಯ ನಕ್ಷತ್ರಕ್ಕಿಂತ ಅಗಲ, ಸಾಮಾನ್ಯ ಶ್ವೇತಕುಬ್ಜಕ್ಕಿಂತ ಕಿರಿದು ಆದ ಗೆರೆಗಳಿದ್ದರೆ ಅದು ಹಗುರವಾದ ಶ್ವೇತಕುಬ್ಜವಾಗಿರಬಹುದು. ಮೂರನೆಯದು, ಅದೇ ನಕ್ಷತ್ರವನ್ನು ಮತ್ತೆ ಮತ್ತೆ ನೋಡುವುದು. ನಕ್ಷತ್ರ ನಮ್ಮತ್ತ ಬರುವಾಗ ಗೆರೆಗಳು ನೀಲಿಯ ಕಡೆಗೂ ದೂರ ಸರಿಯುವಾಗ ಕೆಂಪಿನ ಕಡೆಗೂ ಜರುಗುತ್ತವೆ. ಸಮೀಪಿಸುವ ರೈಲಿನ ಸಿಳ್ಳಿನ ಸ್ವರ ಏರಿ, ದಾಟಿದೊಡನೆ ಇಳಿಯುವಂತೆಯೇ ಇದು. ಗೆರೆಗಳು ನಿಯತಕಾಲದಲ್ಲಿ ಅತ್ತಿತ್ತ ಓಲಾಡಿದರೆ ಕಾಣದ ಸಂಗಾತಿ ಸಿಕ್ಕಿದಂತೆಯೇ.

ಈ ಕೆಲಸವನ್ನು ವ್ರತದಂತೆ ನಡೆಸಿದವರು ವಾರನ್ ಬ್ರೌನ್, ಮುಕ್ರೆಮಿನ್ ಕಿಲಿಚ್ ಮತ್ತವರ ಬಳಗ. ನಮ್ಮ ಗ್ಯಾಲಕ್ಸಿಯಿಂದ ಹೊರಗೆ ಚಿಮ್ಮಿಹೋಗುವ ಅತಿವೇಗದ ನಕ್ಷತ್ರಗಳನ್ನು ಅರಸುವಾಗ ಹಗುರವಾದ ಶ್ವೇತಕುಬ್ಜಗಳೂ ಬಲೆಗೆ ಬಿದ್ದವು. ಅಲ್ಲಿಂದ ಅದೇ ಒಂದು ಪ್ರತ್ಯೇಕ ಶೋಧವಾಯಿತು. ಅಮೆರಿಕದ ಅರಿಜೋನಾ ಪ್ರಾಂತದ ಬೆಟ್ಟದ ಮೇಲಿನ 6.5 ಮೀಟರ್ ದೂರದರ್ಶಕದಿಂದ ವರ್ಷಗಟ್ಟಲೆ ನೋಡಿ, 2020ರ ಹೊತ್ತಿಗೆ 98 ಜೋಡಿ ಶ್ವೇತಕುಬ್ಜಗಳನ್ನು ಅವರು ಪಟ್ಟಿಮಾಡಿದರು. ಗೈಯಾ ಉಪಗ್ರಹದ ಅಳತೆಗಳನ್ನು ಆಧರಿಸಿ 2019ರಲ್ಲಿ ಬೇರೆ ಇಬ್ಬರು ಸಿದ್ಧಪಡಿಸಿದ ಪಟ್ಟಿಯಲ್ಲಿ 5,762 ಸಂಭಾವ್ಯ ಹೆಸರುಗಳಿವೆ. ಸಂಭಾವ್ಯವೆಂಬ ಮಾತನ್ನು ಇಲ್ಲಿ ಒತ್ತಿ ಓದಬೇಕು. ವೇಷ ಹಾಕಿದ ಸಾಮಾನ್ಯ ನಕ್ಷತ್ರಗಳೂ ಇವುಗಳ ನಡುವೆ ನುಸುಳುವುದುಂಟಾದ್ದರಿಂದ ಒಂದೊಂದನ್ನೂ ಬಿಡಿಯಾಗಿ ಪರೀಕ್ಷಿಸದೆ ಗತ್ಯಂತರವಿಲ್ಲ.

ಈ ಶೋಧದಲ್ಲಿ ಬೆಂಗಳೂರಿನ ಪಾಲೂ ಇದೆಯೆಂಬುದು ನಮಗೆ ಸಂತೋಷದ ವಿಷಯ. 2015ರ ಸೆಪ್ಟೆಂಬರ್ 28ರಂದು ಭಾರತವು ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಅತಿನೇರಳೆ ಕಿರಣಗಳನ್ನು ನೋಡುವ ದೂರದರ್ಶಕವೊಂದಿತ್ತು. ಅದನ್ನು ರೂಪಿಸುವುದರಲ್ಲಿ ಮುಂದಾಳತ್ವ ವಹಿಸಿದ್ದು ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆ. ಕರ್ಕಾಟಕ ರಾಶಿಯಲ್ಲಿರುವ ಎಂ 67 ಎಂಬ ತಾರಾಗುಚ್ಛಕ್ಕೆ ಸುಮಾರು 400 ಕೋಟಿ ವರ್ಷ ವಯಸ್ಸು. ಅಷ್ಟು ಮುದಿಯಾದ ಗುಚ್ಛದಲ್ಲಿ ಬಿಸಿಯಾದ ನೀಲ ನಕ್ಷತ್ರಗಳು ಎಂದೋ ತೀರಿಹೋಗಿರಬೇಕಿತ್ತು. ಆದರೂ ಕೆಲವು ಯೌವನವನ್ನು ಮರಳಿ ಪಡೆದವರಂತೆ ಬೆಳಗುತ್ತಿವೆ. ಅನ್ನಪೂರ್ಣಿ ಸುಬ್ರಮಣಿಯಂ ಮತ್ತು ಅವರ ಶಿಷ್ಯರು ಅತಿನೇರಳೆಯಲ್ಲಿ ನೋಡಿದಾಗ, ಅಂತಹ ಒಂದರ ಮಗ್ಗುಲಲ್ಲಿ ಸೂರ್ಯನ ಐದನೆಯ ಒಂದು ಪಾಲಿಗೂ ಕಡಿಮೆ ತೂಕದ ಬಿಸಿ ಶ್ವೇತಕುಬ್ಜ ಇರುವುದು ಗೊತ್ತಾಯಿತು. 2019ರಲ್ಲಿ ಅದು ಪ್ರಕಟವಾಯಿತು. ಯೌವನದ ಗುಟ್ಟು ಬಯಲಾದಂತಾಯಿತು: ಒಂದರ ಮೈ ಇನ್ನೊಂದಕ್ಕೆ ಆಯುಷ್ಯವಾಗಿತ್ತು.

ಇಷ್ಟೆಲ್ಲ ಶ್ರಮದಿಂದ ಪ್ರಯೋಜನವೇನೆಂದು ಕೇಳುವವರಿಗೆ ಒಂದು ಜೋಡಿಯ ಕಥೆಯನ್ನು ಹೇಳಿದರೆ ಸಾಕು. 2011ರಲ್ಲಿ ಬ್ರೌನ್ ಬಳಗದವರಿಗೆ ಸಿಕ್ಕ ಜೆ 0651 ಎಂಬ ಜೋಡಿಯಲ್ಲಿ ಒಂದರ ತೂಕ ಸೂರ್ಯನ ಕಾಲು ಪಾಲು, ಇನ್ನೊಂದರದು ಅರ್ಧ. ಅವುಗಳ ನಡುವಿನ ದೂರ ಭೂಮಿ-ಚಂದ್ರರ ದೂರದ ಮೂರನೆಯ ಒಂದು ಪಾಲು. ಅವು 765 ಸೆಕೆಂಡುಗಳಲ್ಲಿ, ಅಂದರೆ ಹದಿಮೂರು ನಿಮಿಷಕ್ಕೂ ಮೊದಲೇ, ಒಂದು ಸುತ್ತನ್ನು ಮುಗಿಸುತ್ತವೆ. ನಮ್ಮ ಕಡೆಯಿಂದ ನೋಡಿದಾಗ ಒಂದು ಇನ್ನೊಂದನ್ನು ಮರೆಮಾಡುವುದರಿಂದ ಅಲ್ಲಿ ಆರು ನಿಮಿಷಕ್ಕೊಂದು ಗ್ರಹಣ! ಆಕಾಶದಲ್ಲಿ ಕಟ್ಟಿಟ್ಟ ಗಡಿಯಾರವೆಂದರೆ ಇದೇ.

ಐನ್‌ಸ್ಟೈನರು 1916ರಲ್ಲಿ ಹೇಳಿದ ಪ್ರಕಾರ, ಹೀಗೆ ಸುತ್ತುವ ಭಾರವಸ್ತುಗಳು ಗುರುತ್ವ ತರಂಗಗಳನ್ನು ಹೊಮ್ಮಿಸುತ್ತ, ಶಕ್ತಿಯನ್ನು ಕಳೆದುಕೊಂಡು ಹತ್ತಿರವಾಗಬೇಕು. ಹತ್ತಿರವಾದಂತೆ ಸುತ್ತು ಬೇಗ ಮುಗಿಯಬೇಕು. 2012ರಲ್ಲಿ ಟೆಕ್ಸಾಸಿನ ಮೆಕ್‌ಡೊನಾಲ್ಡ್ ವೀಕ್ಷಣಾಲಯ ಮೊದಲಾದೆಡೆ ಗ್ರಹಣಗಳ ವೇಳೆಯನ್ನು ಅಳೆದರು. ಒಂದೊಂದು ಸುತ್ತಿನ ಕಡಿತ ಎಣಿಕೆಗೂ ಸಿಗದಷ್ಟು ಅಲ್ಪ. ಆದರೆ ಹನಿಗೂಡಿ ಹಳ್ಳವೆಂಬಂತೆ, ಸುಮಾರು ಒಂದು ವರ್ಷದಲ್ಲಿ ಗ್ರಹಣವು ಹಳೆಯ ಲೆಕ್ಕಕ್ಕಿಂತ ಆರು ಸೆಕೆಂಡು ಮೊದಲೇ ಬಂದಿತು. ಸಿದ್ಧಾಂತವು ನಿರೀಕ್ಷಿಸಿದ್ದಕ್ಕೂ ಇದಕ್ಕೂ ಹೊಂದಾಣಿಕೆಯಾಯಿತು. 2019ರಲ್ಲಿ ಕ್ಯಾಲಿಫೋರ್ನಿಯದ ಪಾಲೋಮಾರ್ ಬೆಟ್ಟದಿಂದ ನಡೆದ ಶೋಧದಲ್ಲಿ ಏಳು ನಿಮಿಷಕ್ಕಿಂತ ಕಡಿಮೆ ಸಮಯದಲ್ಲಿ ಸುತ್ತುವ ಇನ್ನೊಂದು ಜೋಡಿಯೂ ಸಿಕ್ಕಿದೆ. ಅದರಲ್ಲಿ ಹಗುರವಾದುದರ ತೂಕ ಸೂರ್ಯನ 0.21 ಪಾಲು.

ಭೂಮಿಯ ಮೇಲಿನ ಯಂತ್ರಗಳು 2015ರಲ್ಲಿ ಮೊದಲ ಬಾರಿಗೆ ಹಿಡಿದ ಗುರುತ್ವ ತರಂಗಗಳು ಕಪ್ಪು ರಂಧ್ರಗಳ ಡಿಕ್ಕಿಯವು. ಶ್ವೇತಕುಬ್ಜಗಳ ತರಂಗಗಳು ಅದಕ್ಕಿಂತ ಬಹಳ ನಿಧಾನವಾದವು. ಅವನ್ನು ನೆಲದಿಂದ ಕೇಳಲಾಗದು. ಆ ಉದ್ದೇಶಕ್ಕಾಗಿಯೇ ಯುರೋಪಿನ ಬಾಹ್ಯಾಕಾಶ ಸಂಸ್ಥೆಯು ಒಂದಕ್ಕೊಂದು 25 ಲಕ್ಷ ಕಿಲೋಮೀಟರ್ ದೂರದಲ್ಲಿ ತೇಲುವ ಮೂರು ನೌಕೆಗಳ ಲೀಸಾ ಯೋಜನೆಯನ್ನು 2024ರ ಜನವರಿಯಲ್ಲಿ ಅಂಗೀಕರಿಸಿದೆ. 2035ರ ಸುಮಾರಿಗೆ ಅದು ಹಾರಬೇಕಾಗಿದೆ. ಹೊಸ ವೀಣೆಯ ಶ್ರುತಿ ಸರಿಯಿದೆಯೇ ಎಂದು ತಿಳಿಯಲು ಮೊದಲೇ ಗೊತ್ತಿರುವ ಸ್ವರ ಬೇಕು. ಜೆ 0651ರಂತಹ ಜೋಡಿಗಳು ಲೀಸಾಗೆ ಆ ಸ್ವರಗಳು.

ಹಾಗೆಂದು ಎಲ್ಲ ಪ್ರಶ್ನೆಗಳೂ ತೀರಿದವೆಂದು ತಿಳಿಯಬಾರದು. ಎಷ್ಟು ನೋಡಿದರೂ ಸಂಗಾತಿ ಕಾಣದ ಹಗುರ ಶ್ವೇತಕುಬ್ಜಗಳು ಕೆಲವಿವೆ. ಸಂಗಾತಿ ಅದರಲ್ಲಿಯೇ ಲೀನವಾಗಿರಬಹುದೆಂದು ಕೆಲವರು, ಪ್ರಬಲವಾದ ನಕ್ಷತ್ರಮಾರುತವೇ ಹೊರಮೈಯನ್ನು ಹಾರಿಸಿಕೊಂಡು ಹೋಗಿರಬಹುದೆಂದು ಕೆಲವರು ಹೇಳುತ್ತಾರೆ. ಅರ್ಥಾಪತ್ತಿಯನ್ನು ನೆಚ್ಚುವವರು ಇದನ್ನು ಗಮನಿಸಬೇಕು. ಬೇರೆ ಯಾವ ದಾರಿಯೂ ಇಲ್ಲವೆಂದು ಖಚಿತವಾದಾಗ ಮಾತ್ರ ಆ ಪ್ರಮಾಣ ನಿಲ್ಲುತ್ತದೆ. ಇನ್ನೊಂದು ದಾರಿ ತೆರೆದರೆ ವಾದವನ್ನು ಮತ್ತೆ ಮೊದಲಿನಿಂದ ಕಟ್ಟಬೇಕು. ವಿಜ್ಞಾನಿಗಳು ಬೇಸರಿಸದೆ ಅದನ್ನೇ ಮಾಡುತ್ತಿದ್ದಾರೆ.

ನಮ್ಮ ಮನೆಯ ಮಕ್ಕಳು ಪರೀಕ್ಷೆಯ ಉತ್ತರಗಳನ್ನು ಬಾಯಿಪಾಠ ಮಾಡುವುದರಲ್ಲಿ ಚತುರರು. ಉತ್ತರವು ಹೇಗೆ ದೊರಕಿತೆಂದು ಕೇಳುವ ಅಭ್ಯಾಸ ಮಾತ್ರ ಕಡಿಮೆಯಾಗುತ್ತಿದೆ. ತೂಕ ಕಡಿಮೆಯಿದೆ ಎಂಬ ಒಂದು ಸಣ್ಣ ಸಂಗತಿಯನ್ನು ಉಪೇಕ್ಷಿಸದೆ, ಏಕೆಂದು ಕೇಳಿದ್ದರಿಂದ ಇಷ್ಟು ದೂರ ಸಾಗಲು ಸಾಧ್ಯವಾಯಿತು. ಲೆಕ್ಕ ತಾಳೆಯಾಗದ ಕಡೆ ಅಳಿಸಿ ಮುಂದೆ ಹೋಗದೆ, ಅಲ್ಲಿಯೇ ಸ್ವಲ್ಪ ಹೊತ್ತು ನಿಲ್ಲುವುದನ್ನು ಮಕ್ಕಳಿಗೆ ಕಲಿಸುವುದು ಹಿರಿಯರ ಹೊಣೆಯೆಂದು ಭಾವಿಸುತ್ತೇವೆ.