ಸುಗ್ಗಿಯ ಮೇಳವೂ ಅರ್ಜಿಯ ನಮೂನೆಯೂ

ಫಾಲ್ಗುಣ ಮಾಸ ಬಂತೆಂದರೆ ಅಂಕೋಲೆಯ ಹಾಲಕ್ಕಿ ಕೊಪ್ಪಗಳಲ್ಲಿ ಗುಮಟೆಯ ದನಿ ಏಳುತ್ತದೆ. ತಲೆಗೆ ಬಣ್ಣದ ತುರಾಯಿ ಕಟ್ಟಿ, ಕೈಯಲ್ಲಿ ಕೋಲು ಕುಂಚಗಳನ್ನು ಹಿಡಿದು, ಸುಗ್ಗಿಯ ಮೇಳ ಮನೆಮನೆಯ ಅಂಗಳಕ್ಕೆ ಬಂದು ಕುಣಿಯುತ್ತದೆ. ಮನೆಯವರು ಅಕ್ಕಿ, ಕಾಯಿ, ಕೈಲಾದಷ್ಟು ಹಣ ಕೊಟ್ಟು ಕಳುಹಿಸುತ್ತಾರೆ. ಈ ಮೇಳದಲ್ಲಿ ಸಂಬಳ ಪಡೆಯುವವರು ಯಾರೂ ಇಲ್ಲ. ಗೌಡ, ಬುದವಂತ ಮೊದಲಾದ ಹಿರಿಯರ ಮಾತೇ ಅದರ ನಿಯಮಾವಳಿ. ಊರು ತನ್ನ ಕಲೆಗೆ ಕೊಡುತ್ತ ಬಂದ ಅನುದಾನವೆಂದರೆ ಆ ಅಕ್ಕಿ ಕಾಯಿಗಳೇ.

ಆದರೆ ಕಾಲ ಹಿಂದಿನಂತಿಲ್ಲ. ಅಂಕೋಲೆ ಕಾರವಾರಗಳ ತರುಣರು ಗೋವೆಗೂ ಬೆಂಗಳೂರಿಗೂ ದುಡಿಮೆಗೆ ಹೋಗಿದ್ದಾರೆ. ಒಂದು ವಾರ ಊರಿಗೆ ಬಂದು ಕುಣಿಯುವವನು ಒಂದು ವಾರದ ಕೂಲಿಯನ್ನು ಕಳೆದುಕೊಂಡೇ ಕುಣಿಯಬೇಕು. ವೇಷದ ವೆಚ್ಚ, ವಾಹನದ ಬಾಡಿಗೆ ಏರಿವೆ. ಅಕ್ಕಿ ಕಾಯಿಗಳು ಅವನ್ನು ತೂಗಲಾರವು. ಹಾಲಕ್ಕಿ ಹಾಡುಗಳ ಭಂಡಾರವೇ ಆಗಿದ್ದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಸಂದಾಗ ನಾವೆಲ್ಲ ಹೆಮ್ಮೆಪಟ್ಟೆವು. 2025ರಲ್ಲಿ ಅವರು ತೀರಿಕೊಂಡರು. ಹಾಡು ಒಬ್ಬರ ಕಂಠದಲ್ಲಿ ಬೆಳಗಬಹುದು. ಉಳಿಯಬೇಕಾದರೆ ಹತ್ತು ಜನ ಕೂಡಬೇಕು. ಆ ಹತ್ತು ಜನರನ್ನು ಕೂಡಿಸುವ ಹೊಣೆ ಯಾರದು?

ಸರಕಾರದ ನೆರವೇ ಇಲ್ಲವೆಂದಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ ಸಂಸ್ಥೆಗಳಿಗೆ ಧನಸಹಾಯ ನೀಡುತ್ತದೆ. ಅದಕ್ಕೆ ನೋಂದಣಿ ಪತ್ರ ಬೇಕು, ಲೆಕ್ಕಪರಿಶೋಧನೆಯ ವರದಿ ಬೇಕು. ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಡವೆಂದು ಯಾರೂ ಹೇಳಲಾರರು. ಆದರೆ ಕಾಗದಪತ್ರಗಳ ಖರ್ಚೇ ತುರಾಯಿಯ ಖರ್ಚನ್ನು ಮೀರುವಂತಾದರೆ, ಅರ್ಜಿ ಬರೆಯಬಲ್ಲವರಿಗೆ ಅನುದಾನ, ಕುಣಿಯಬಲ್ಲವರಿಗೆ ಬರಿಯ ಚಪ್ಪಾಳೆ ಎಂಬಂತಾಗುತ್ತದೆ.

ಇಲ್ಲಿ ನೆರೆಯ ಕೈಗಾದ ನೆನಪು ಬರುವುದು ಸಹಜ. ಕಾಳೀನದಿಯ ದಂಡೆಯ ಅಣುವಿದ್ಯುತ್ ಸ್ಥಾವರ 2000ದಿಂದ ಬೆಳಕು ಕೊಡುತ್ತಿದೆ. ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳು ಅಲ್ಲಿವೆ. ಅದನ್ನು ನಡೆಸುವುದು ಸರಕಾರದ ಒಡೆತನದ ಒಂದು ಕಂಪನಿ. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನಂತೆ ಇಂಥ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜದ ಕೆಲಸಕ್ಕೆ ವ್ಯಯಿಸಬೇಕು. ತಾವು ನೆಲೆಸಿದ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಆ ಕಾಯಿದೆಯ 7ನೆಯ ಅನುಸೂಚಿಯಲ್ಲಿ ಶಿಕ್ಷಣ, ಆರೋಗ್ಯಗಳ ಜೊತೆಗೆ ಸಾಂಪ್ರದಾಯಿಕ ಕಲೆಗಳ ಹೆಸರೂ ಇದೆ. ಬೇರೊಂದು ಸಂಸ್ಥೆಯ ಮೂಲಕ ಹಣ ಹೋಗಬೇಕಾದರೆ ಆ ಸಂಸ್ಥೆಗೆ 2021ರಿಂದ ಪ್ರತ್ಯೇಕ ನೋಂದಣಿ ಬೇಕು, ನಿಜ. ಆದರೆ ಕಂಪನಿ ತಾನೇ ನೇರವಾಗಿ ಕೆಲಸ ಕೈಗೊಳ್ಳಲು ಅಡ್ಡಿಯಿಲ್ಲ. ಶಾಲೆ ಆಸ್ಪತ್ರೆಗಳ ಹಣವನ್ನು ಕುಣಿತಕ್ಕೆ ತಿರುಗಿಸಿರೆಂದು ನಾವು ಹೇಳುತ್ತಿಲ್ಲ. ಒಂದು ಮೇಳಕ್ಕೆ ಬೇಕಾದ ಗುಮಟೆ, ಬಟ್ಟೆ, ತುರಾಯಿಗಳ ವೆಚ್ಚ ಅಂಥ ಸಂಸ್ಥೆಗೆ ಎಷ್ಟು ಮಾತ್ರದ್ದು!

ಹೊರಗಿನ ಹಣ ಬಂದೊಡನೆ ಊರಿನ ಕಲೆ ಪರಾಧೀನವಾಗುವುದೆಂಬ ಅಂಜಿಕೆ ಕೆಲವರಲ್ಲಿದೆ. ಆಗಲೇಬೇಕೆಂದಿಲ್ಲ. ಘಟ್ಟದ ಮೇಲಿನ ಹೆಗ್ಗೋಡಿನಲ್ಲಿ 1949ರಲ್ಲಿ ಊರವರೇ ಕಟ್ಟಿದ ನೀನಾಸಮ್, 1980ರ ದಶಕದಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವು ಪಡೆದು ಹಳ್ಳಿಹಳ್ಳಿಗೆ ನಾಟಕ ಚಲನಚಿತ್ರಗಳ ಅಭಿರುಚಿಯನ್ನು ಒಯ್ದಿತು. ನೆರವು ಮುಗಿಯಿತು, ನೀನಾಸಮ್ ಉಳಿಯಿತು. ಅದರ ಬೇರು ಊರಿನಲ್ಲಿತ್ತು.

ಆದರೂ ಎಚ್ಚರ ಬೇಕು. ಅಂಕೋಲೆಯ ಸುಗ್ಗಿಯಲ್ಲಿ ಹಗರಣವೆಂಬುದೊಂದಿದೆ. ವೇಷ ಹಾಕಿ ಲೋಕದ ಆಗುಹೋಗುಗಳನ್ನು, ದೊಡ್ಡವರ ದೊಡ್ಡಸ್ತಿಕೆಯನ್ನು ಲೇವಡಿ ಮಾಡುವುದು ಅದರ ಪದ್ಧತಿ. ನೆರವು ಕೊಟ್ಟವರು ಅಲ್ಲಿ ತಮ್ಮದೇ ವೇಷವನ್ನು ಕಂಡೂ ನಗಬಲ್ಲರಾದರೆ ಮಾತ್ರ ಆ ನೆರವು ನೆರವೆನಿಸೀತು. ಇಂಥದನ್ನು ಆಡಿ, ಇಂಥದನ್ನು ಬಿಡಿ ಎಂಬ ಷರತ್ತು ಸರ್ವಥಾ ಸಲ್ಲದು. ಲೆಕ್ಕ ಬೇಕೆ? ಕೊಟ್ಟದ್ದೆಷ್ಟು, ವೆಚ್ಚವಾದದ್ದೆಷ್ಟು ಎಂಬುದನ್ನು ಊರವರ ಮುಂದೆ ಓದಿಸಿದರೆ ಸಾಕು; ಅದಕ್ಕಿಂತ ಕಟ್ಟುನಿಟ್ಟಿನ ಪರಿಶೋಧನೆ ಮತ್ತೊಂದಿಲ್ಲ.

ಇನ್ನೊಂದು ಮಾತು. ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೂ ಬೇಡವೆಂಬಂತೆ, ಹೋಳಿ ಹುಣ್ಣಿಮೆ ಕಳೆದ ಮೇಲೆ ಬರುವ ಹಣದಿಂದ ಮೇಳಕ್ಕೆ ಫಲವಿಲ್ಲ. ಕೊಡುವವರು ಸಂಕ್ರಾಂತಿಯೊಳಗೆ ಕೊಡಲಿ. ಕೊಡುವವರಿದ್ದಾರೆಂದು ಊರವರು ತಮ್ಮ ಕೈ ಹಿಂದೆಗೆಯದಿರಲಿ. ಅಂಗಳಕ್ಕೆ ಬಂದ ಮೇಳಕ್ಕೆ ಒಂದು ಸೇರು ಅಕ್ಕಿ ನೀಡುವ ಮನೆ ಇರುವವರೆಗೆ ಸುಗ್ಗಿ ಊರಿನದಾಗಿರುತ್ತದೆ. ಉಳಿದ ನೆರವೆಲ್ಲ ಅದಕ್ಕೆ ಆಸರೆ ಮಾತ್ರ.