ಹೆಸರು ನೋಡುವ ಕಾಯಿದೆ

ಕೆನಡಾದ ಕಾಯಿದೆ ಬಂದೂಕುಗಳನ್ನು ನಿಷೇಧಿತ, ನಿರ್ಬಂಧಿತ, ಅನಿರ್ಬಂಧಿತ ಎಂದು ಮೂರು ವರ್ಗ ಮಾಡಿದೆ. ತಾನೇ ತೋಟಾ ತುಂಬಿಕೊಳ್ಳುವ ಅರೆಸ್ವಯಂಚಾಲಿತ ರೈಫಲ್ಲುಗಳು ಮೂರರಲ್ಲೂ ಹಂಚಿಹೋಗಿವೆ! 1989ರಲ್ಲಿ ಮಾಂಟ್ರಿಯಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ 14 ಮಂದಿ ಹೆಂಗಸರನ್ನು ಕೊಂದವನ ಕೈಯಲ್ಲಿದ್ದುದು ರೂಗರ್ ಮಿನಿ-14. ಅದೇ ಅಳತೆಯ ಗುಂಡಿನ ಎ.ಆರ್.-15ನ್ನು ನಿರ್ಬಂಧಿಸಿದ ಸರ್ಕಾರ ಇದನ್ನು 2020ರವರೆಗೂ ಅನಿರ್ಬಂಧಿತವಾಗಿಯೇ ಬಿಟ್ಟಿತು. ಆ ವರ್ಷ ನೋವಾ ಸ್ಕೋಷಿಯಾದಲ್ಲಿ 22 ಜನ ಹತರಾದ ಮೇಲೆ ಸುಮಾರು 1,500 ಮಾದರಿಗಳನ್ನು ಹೆಸರು ಹಿಡಿದು ನಿಷೇಧಿಸಿತು. 2023ರ ತಿದ್ದುಪಡಿ ಆಯುಧದ ಕೆಲಸವನ್ನು ನೋಡಿ ವ್ಯಾಖ್ಯೆ ಕೊಟ್ಟಿತು. ಆದರೆ ಹೊಸ ವಿನ್ಯಾಸಗಳಿಗೆ ಮಾತ್ರ. ಹಳೆಯವಕ್ಕೆ ಪಟ್ಟಿಯೇ ಗತಿ. ಈ ಗೋಜಲಿನಲ್ಲಿ ಬೇಟೆಯಿಂದ ಹೊಟ್ಟೆ ಹೊರೆಯುವ ಆದಿವಾಸಿಗೆ ತನ್ನ ಕೋವಿ ನಾಳೆ ಯಾವ ವರ್ಗಕ್ಕೆ ಸೇರೀತೆಂದು ತಿಳಿಯದು. ಸತ್ತವರ ಬಂಧುಗಳಿಗೆ ನೆಮ್ಮದಿಯಿಲ್ಲ. ಹೆಸರು ಎಣಿಸುವುದನ್ನು ಬಿಟ್ಟು ಕೊಲ್ಲುವ ಶಕ್ತಿಯನ್ನು ಅಳೆದು, ಹಳೆಯದಕ್ಕೂ ಹೊಸದಕ್ಕೂ ಒಂದೇ ನಿಯಮ ಮಾಡಲಿ.